ಅಂಬಾಸಿಡರ್ ಬಾಗಿಲಿನ ಹಿಂಜ್ ಬೋಲ್ಟ್ ಜಾಮ್, ಒಂದು ತುಂಡಾಗಿದೆ. ಪಿಲ್ಲರ್ ಕೊಯ್ಯದೆ ತೆಗೆಯೋದು ಹೇಗೆ?

ಕೋಡಿಕಡಲು:
ಎಲ್ಲರಿಗೂ ನಮಸ್ಕಾರ. ಅಪ್ಪನ ಅಂಬಾಸಿಡರ್, 1986ರ ಮಾರ್ಕ್ 4. ಮನೆ ಕುಂದಾಪುರದ ಹತ್ತಿರ. ಸಮುದ್ರದ ಗಾಳಿ ನೇರವಾಗಿ ಶೆಡ್ಡಿಗೇ ಬರುತ್ತದೆ. ಇಂಜಿನ್ ಚೆನ್ನಾಗಿದೆ, ಅಡಿಭಾಗ ಪರವಾಗಿಲ್ಲ, ತೊಂದರೆ ಇರುವುದು ಡ್ರೈವರ್ ಕಡೆಯ ಬಾಗಿಲಿನಲ್ಲಿ. ಬಾಗಿಲು ಕೆಳಗೆ ಜೋತುಬಿದ್ದಿದೆ. ಎತ್ತಿ ಹಾಕಿದರೆ ಮಾತ್ರ ಲಾಕ್ ಆಗುತ್ತದೆ.

ಬಿಚ್ಚಿ ಸರಿಮಾಡೋಣ ಅಂತ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಕೆಳಗಿನ ಹಿಂಜ್ ಸಲೀಸಾಗಿ ಬಂತು. ಮೇಲಿನದರಲ್ಲಿ, ಪಿಲ್ಲರ್ (ಬಾಗಿಲು ತೂಗುವ ಬಾಡಿಯ ಕಂಬ) ಕಡೆ, ಈಗಿನ ಸ್ಥಿತಿ ಹೀಗಿದೆ. ಒಂದು ಸ್ಟಾರ್ ತಲೆಯ ಸ್ಕ್ರೂ, ಅದರ ತಲೆಯ ಗುಳಿ ಅರ್ಧ ಸವೆದಿದೆ. ಇನ್ನೊಂದು ಆರು ಮೂಲೆಯ ಬೋಲ್ಟ್, ಹಿಂದೆ ಯಾರೋ ಹಾಕಿದ್ದಿರಬೇಕು, ಅದರ ಮೂಲೆಗಳು ಗುಂಡಗಾಗುತ್ತಿವೆ. ಮೂರನೆಯದರ ತಲೆ, ಅವರು ಪೈಪ್ ಹಾಕಿ ತಿರುಗಿಸಿದಾಗ, ಟಕ್ ಅಂತ ಹಾರಿತು. ಉಳಿದ ತುಂಡು ಹಿಂಜಿನ ತೂತಿನ ಒಳಗೇ ಇದೆ.

ಅವರ ಪ್ರಕಾರ ಗ್ಯಾಸ್ ಕಟ್ಟರ್‌ನಲ್ಲಿ ಪಿಲ್ಲರ್ ಕೊಯ್ದು, ಒಳಗಿನಿಂದ ನಟ್ ಬಿಡಿಸಿ, ಮತ್ತೆ ತಗಡು ಹಾಕಿ ವೆಲ್ಡ್ ಮಾಡಬೇಕು. ಅಪ್ಪ ಅದಕ್ಕೆ ಸುತರಾಂ ಒಪ್ಪುವುದಿಲ್ಲ. ನನ್ನ ಹತ್ತಿರ ಕೈ ಡ್ರಿಲ್, ಸಣ್ಣ ಗ್ರೈಂಡರ್, ಸ್ಪ್ಯಾನರ್ ಸೆಟ್ ಇವೆ. ಬೇರೆ ದಾರಿ ಇದೆಯಾ?

ಸ್ಪ್ಯಾನರ್ ಶೆಟ್ರು:
ಫೋಟೊ ಹಾಕಿ ಮಾರಾಯ್ರೆ. ಫೋಟೊ ಇಲ್ಲದೆ ಎಂಥ ಹೇಳುವುದು?

ಗಿರಿನಗರ ಗುರು:
ಡಬ್ಲ್ಯೂಡಿ-40 ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಕೈಯಲ್ಲೇ ಬರುತ್ತದೆ. ಮುಗೀತು.

ಮಲೆನಾಡ ಜೀಪು:
ಎಲ್ಲದಕ್ಕೂ ಅದೇ ಔಷಧಿನಾ ಗುರು? ಅದು ನೀರು ಓಡಿಸಲು ಅಂತ 1953ರಲ್ಲಿ ಅಮೆರಿಕದಲ್ಲಿ ಮಾಡಿದ ದ್ರವ. ಹೆಸರಿನ 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಸೂತ್ರ ಕೂಡಿಬಂತು ಅಂತ. ಸಣ್ಣಪುಟ್ಟ ತುಕ್ಕಿಗೆ ಸರಿ. ಎಂಬತ್ತರ ದಶಕದಿಂದ ಉಪ್ಪುಗಾಳಿ ಕುಡಿದ ಬೋಲ್ಟಿಗೆ ಸಾಲದು. ತುಕ್ಕು ಬಿಡಿಸುವುದಕ್ಕೇ ಅಂತ ಬೇರೆ ಪೆನೆಟ್ರೇಟಿಂಗ್ ಎಣ್ಣೆ ಸಿಗುತ್ತದೆ, ಅದನ್ನು ತನ್ನಿ. ಸಿಗದಿದ್ದರೆ ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಕಲಸಿ. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಹಚ್ಚುವ ಮೊದಲು ಪ್ರತಿ ಸಲ ಬಾಟಲಿ ಕುಲುಕಬೇಕು.

ಗಿರಿನಗರ ಗುರು:
ನಮ್ಮ ತಾತ ಸೀಮೆಎಣ್ಣೆಯಲ್ಲೇ ಎಲ್ಲಾ ಬಿಚ್ಚುತ್ತಿದ್ದರು.

ಸ್ಪ್ಯಾನರ್ ಶೆಟ್ರು:
ನಿಮ್ಮ ತಾತನ ಕಾಲಕ್ಕೆ ಈ ಗಾಡಿ ಹೊಸತು.

ಮಲೆನಾಡ ಜೀಪು:
ಇನ್ನೊಂದು ಮಾತು. ಹೊರಗಿನಿಂದ ಬೋಲ್ಟ್ ತಲೆಗೆ ಎಣ್ಣೆ ಸುರಿದು ಏನೂ ಉಪಯೋಗವಿಲ್ಲ. ತಲೆಯ ಕೆಳಗೆ ಹಿಂಜಿನ ಕಬ್ಬಿಣ, ಅದರ ಹಿಂದೆ ಪಿಲ್ಲರ್ ತಗಡು, ಅದರ ಹಿಂದೆ ನಟ್ ಇರುವ ಪಟ್ಟಿ. ತುಕ್ಕು ಕೂತಿರುವುದು ಅಲ್ಲಿ. ಕಾಲಿನ ಹತ್ತಿರದ ಟ್ರಿಮ್ ರಟ್ಟು ತೆಗೆದು, ಪಿಲ್ಲರಿನಲ್ಲಿ ಯಾವುದಾದರೂ ತೂತು ಇದೆಯಾ ನೋಡಿ. ಇದ್ದರೆ ಸಪೂರ ಪ್ಲಾಸ್ಟಿಕ್ ಕೊಳವೆ ತೂರಿಸಿ ಹಿಂದಿನಿಂದ ಎಣ್ಣೆ ಬಿಡಿ. ಬೋಲ್ಟಿನ ತುದಿ ನಟ್ ದಾಟಿ ಹೊರಬಂದಿರುತ್ತದೆ, ಅಲ್ಲಿ ಜಾಸ್ತಿ ತುಕ್ಕು.

ಟರ್ನರ್ ಮಾವ:
ಎಲ್ಲರೂ ಎಣ್ಣೆಗೆ ಹೋದಿರಿ. ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಬಾಗಿಲು ಜೋತುಬೀಳಲು ಕಾರಣ ಏನು? ಬೋಲ್ಟ್ ಸಡಿಲವಾ, ಪಿನ್ ಸವೆದಿದೆಯಾ? ಕೆಳಗಿನ ಹಿಂಜ್ ವಾಪಸ್ ಹಾಕಿ. ಬಾಗಿಲು ಅರ್ಧ ತೆರೆದು, ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಬ್ಬರು ಹಿಂಜ್ ಮೇಲೆ ಬೆರಳಿಟ್ಟಿರಲಿ. ಹಿಂಜಿನ ಎರಡು ಎಲೆಗಳ ನಡುವೆ ಆಟ ಕಂಡರೆ ಪಿನ್ ಹೋಗಿದೆ. ಎಲೆಯೂ ಪಿಲ್ಲರ್ ಬಿಟ್ಟು ಆಡುತ್ತಿದ್ದರೆ ಬೋಲ್ಟ್ ಅಥವಾ ತಗಡು.

ಬರೀ ಪಿನ್ ಸವೆದಿದ್ದರೆ ಈ ಬೋಲ್ಟಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಪಿನ್ ಹೊಡೆದು ತೆಗೆದು, ಲೇತಿನಲ್ಲಿ ಹೊಸ ಪಿನ್, ಹಿತ್ತಾಳೆ ಬುಷ್ ಮಾಡಿಸಿದರೆ ಸಾಕು. ಎಷ್ಟೋ ಜನ ಪಿನ್ ರೋಗಕ್ಕೆ ಬೋಲ್ಟ್ ಕೊಯ್ಯುತ್ತಾರೆ.

ಕೋಡಿಕಡಲು:
ಮಾವ, ನೋಡಿದೆ. ಪಿನ್ನಿನಲ್ಲಿ ಆಟ ಇದೆ, ನಿಜ. ಆದರೆ ಪಿಲ್ಲರ್ ಕಡೆಯ ಎಲೆ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಅದರ ಹಿಂದೆ ತುಕ್ಕು ಪದರ ಪದರವಾಗಿ ಉಬ್ಬಿ ಎಲೆಯನ್ನು ಹೊರಗೆ ತಳ್ಳಿದೆ. ಹಾಗಾಗಿ ಹಿಂಜ್ ತೆಗೆಯಲೇಬೇಕು. ಬೇರೆ ಹಿಂಜ್ ಗುಜರಿಯಲ್ಲಿ ಸಿಕ್ಕಿದೆ.

ಟರ್ನರ್ ಮಾವ:
ಹಾಗಾದರೆ ಸರಿ, ತೆಗೆಯಿರಿ. ಈಗ ಕ್ರಮ ಕೇಳಿ. ತುಂಡಾದದ್ದನ್ನು ಸದ್ಯಕ್ಕೆ ಮರೆತುಬಿಡಿ. ಅದಕ್ಕೆ ಡ್ರಿಲ್ ಹಾಕಬೇಡಿ, ಮುಟ್ಟಲೂ ಬೇಡಿ. ಮೊದಲು ತಲೆ ಇರುವ ಎರಡನ್ನು ಬಿಚ್ಚಿ.

ಯಾಕೆ ಅಂದರೆ, ತುಂಡಾದದ್ದಕ್ಕೆ ತಲೆ ಇಲ್ಲ. ಅಂದರೆ ಅದು ಹಿಂಜನ್ನು ಹಿಡಿದಿಲ್ಲ. ಮಿಕ್ಕ ಎರಡು ಬಂದರೆ ಹಿಂಜ್ ತಾನಾಗಿ ಜಾರಿ ಹೊರಗೆ ಬರುತ್ತದೆ. ಆಗ ಹಿಂಜಿನ ತೂತಿನೊಳಗೆ ಅಡಗಿದ್ದ ತುಂಡು, ಎಲೆಯ ದಪ್ಪದಷ್ಟು, ಪಿಲ್ಲರಿನಿಂದ ಹೊರಗೆ ನಿಂತಿರುತ್ತದೆ. ಹಿಡಿಯಲು ಏನಾದರೂ ಸಿಗುತ್ತದೆ. ಈಗಲೇ ಡ್ರಿಲ್ ಹಾಕಿದರೆ ಆ ಹಿಡಿಯುವ ಜಾಗವನ್ನೇ ಪುಡಿ ಮಾಡಿದ ಹಾಗೆ.

ಇನ್ನೊಂದು ಲಾಭ. ಒಳಗಿನ ನಟ್ ಪಟ್ಟಿ ಎಷ್ಟೋ ಹಳೇ ಗಾಡಿಗಳಲ್ಲಿ ಪಿಲ್ಲರಿಗೆ ಅಂಟಿರುವುದಿಲ್ಲ. ಬಾಗಿಲು ಹೊಂದಿಸಲು ಅಂತ ಅದನ್ನು ಸ್ವಲ್ಪ ಆಡುವ ಹಾಗೆ ಬಿಟ್ಟಿರುತ್ತಾರೆ. ಎಲ್ಲ ಬೋಲ್ಟ್ ತೆಗೆದರೆ ಪಟ್ಟಿ ಪಿಲ್ಲರ್ ತಳಕ್ಕೆ ಬೀಳಬಹುದು. ನಿಮ್ಮ ತುಂಡು ಸದ್ಯಕ್ಕೆ ಅದನ್ನು ಹಿಡಿದುಕೊಂಡಿದೆ. ಕೆಟ್ಟದ್ದರಲ್ಲಿ ಒಳ್ಳೆಯದು.

ಸ್ಪ್ಯಾನರ್ ಶೆಟ್ರು:
ಇದನ್ನು ಆ ಮೆಕ್ಯಾನಿಕ್ ಯಾಕೆ ಹೇಳಲಿಲ್ಲ ಅಂತ.

ದೋಹಾ ಭಟ್ಟ:
ಅವನಿಗೆ ಬೇಗ ಮುಗಿಸಬೇಕು, ಅಷ್ಟೇ. ಗ್ಯಾಸ್ ಕಟ್ಟರ್ ಇದ್ದವನ ಕಣ್ಣಿಗೆ ಎಲ್ಲವೂ ಕೊಯ್ಯುವಂಥದ್ದೇ.

ಮೈಸೂರು ಮೈನರ್:
ನನ್ನ ಹತ್ತಿರ ಮಾರಿಸ್ ಮೈನರ್ ಇದೆ. ಅದರ ಹಿಂಜ್‌ಗೂ ಇದೇ ಗೋಳು. ಅದರ ಅನುಭವದಲ್ಲಿ ಎರಡು ಮಾತು.

ಸ್ಟಾರ್ ಸ್ಕ್ರೂಗೆ ಕೈ ಸ್ಕ್ರೂಡ್ರೈವರ್ ಹಚ್ಚಲೇಬೇಡಿ. ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಕರೆಂಟಿನದ್ದಲ್ಲ, ದಪ್ಪ ಉಕ್ಕಿನ ಹಿಡಿಯದ್ದು. ಹಿಂದಿನಿಂದ ಹೊಡೆದರೆ ಏಟಿನ ಜೋರಿಗೆ ಬಿಟ್ ಒಳಗೆ ಒತ್ತಿಕೊಂಡು, ಅದೇ ಕ್ಷಣ ಸ್ವಲ್ಪ ತಿರುಗುತ್ತದೆ. ಹಾಗಾಗಿ ಜಾರುವುದಿಲ್ಲ. ಸುತ್ತಿಗೆ ಭಾರದ್ದಿರಲಿ. ಪುಸುಪುಸು ಹೊಡೆದರೆ ತಲೆ ಹಾಳಾಗುವುದು ಖಚಿತ.

ಬಿಟ್ ಆರಿಸುವಾಗ ಹುಷಾರು. ನೋಡಲು ಎಲ್ಲಾ ಸ್ಟಾರ್. ಆದರೆ ಫಿಲಿಪ್ಸ್ ಬೇರೆ, ಪೋಜಿಡ್ರೈವ್ ಬೇರೆ. ಸ್ಕ್ರೂ ತಲೆಯಲ್ಲಿ ದೊಡ್ಡ ಪ್ಲಸ್ ಗುರುತಿನ ನಡುವೆ ನಾಲ್ಕು ಸಣ್ಣ ಗೆರೆ ಕಂಡರೆ ಪೋಜಿಡ್ರೈವ್. ಅದಕ್ಕೆ ಫಿಲಿಪ್ಸ್ ಬಿಟ್ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಹೊಡೆದ ಕೂಡಲೇ ಎಗರುತ್ತದೆ. ಹಳೇ ಬಣ್ಣವನ್ನು ಮೊಳೆಯಲ್ಲಿ ಕೆರೆದು ತೆಗೆದ ಮೇಲೆ ನೋಡಿ.

ತಲೆಯ ಗುಳಿ ಸವೆದಿರುವುದರಿಂದ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಬಿಟ್ ತುದಿಗೆ ಹಚ್ಚಿ. ಅದರಲ್ಲಿರುವ ಮರಳು ಹಿಡಿತ ಕೊಡುತ್ತದೆ.

ಹುಬ್ಬಳ್ಳಿ ಹೈವೇ:
ಅಲ್ರೀ, ಒಂದು ಮಾತು ಯಾರೂ ಹೇಳಲಿಲ್ಲ. ಬಿಚ್ಚುವ ಮೊದಲು ಒಂದು ಏಟು ಬಿಗಿಯುವ ಕಡೆಗೆ ಕೊಡ್ರಿ. ತುಕ್ಕು ಒಡೆಯಬೇಕು, ಅಷ್ಟೇ. ಯಾವ ಕಡೆ ಒಡೆದರೇನು? ಆಮೇಲೆ ಬಿಚ್ಚುವ ಕಡೆ. ಸ್ವಲ್ಪ ಬಂದರೆ ಮತ್ತೆ ವಾಪಸ್, ಎಣ್ಣೆ, ಮತ್ತೆ ಮುಂದೆ. ಒಂದೇ ದಿಕ್ಕಿಗೆ ಎಳೆದರೆ ಪುಡಿ ತುಕ್ಕು ಥ್ರೆಡ್ಡಿನಲ್ಲಿ, ಅಂದರೆ ಬೋಲ್ಟಿನ ಸುರುಳಿ ಗೆರೆಗಳಲ್ಲಿ, ಸೇರಿ ಮತ್ತೆ ಕಚ್ಚುತ್ತದೆ. ಅಲ್ಲೇ ಮುರಿಯುವುದು.

ಪದ್ಮಿನಿ ಪ್ರಿಯ:
ಆ ಆರು ಮೂಲೆಯ ಬೋಲ್ಟ್ ಬಗ್ಗೆ ನನಗೆ ಅನುಮಾನ. ಅದಕ್ಕೆ ಯಾವ ಸ್ಪ್ಯಾನರ್ ಕೂರುತ್ತಿತ್ತು?

ಕೋಡಿಕಡಲು:
13 ಮಿಮೀದ್ದು. ಮೂಲೆ ಹೋಗುವ ಮೊದಲು ಸರಿಯಾಗಿ ಕೂರುತ್ತಿತ್ತು.

ಪದ್ಮಿನಿ ಪ್ರಿಯ:
ಅಲ್ಲೇ ಇದೆ ಕಥೆ. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಇಂಚಿನ ಗಾಡಿ ಅದು. ನಮ್ಮ ಪದ್ಮಿನಿ ಫಿಯೆಟ್ ಮೂಲದ್ದು, ಮಿಲಿಮೀಟರ್. ನಿಮ್ಮ ಹಿಂಜಿನ ಮೂಲ ಸ್ಕ್ರೂ 5/16 ಇಂಚು ಇರುವ ಸಾಧ್ಯತೆ ಜಾಸ್ತಿ. 13ರ ತಲೆ ಇರುವ ಬೋಲ್ಟ್ ಅಂದರೆ ಎಂ8, 8 ಮಿಲಿಮೀಟರ್ ದಪ್ಪದ್ದು. ಯಾರೋ ಅಂಗಡಿಯಲ್ಲಿ ಸಿಕ್ಕಿದ ಎಂ8 ತಂದು ಇಂಚಿನ ನಟ್‌ಗೆ ತುರುಕಿದ್ದಾರೆ.

5/16 ಅಂದರೆ 7.94 ಮಿಲಿಮೀಟರ್. ಎಂಟಕ್ಕೆ ಎಷ್ಟು ಹತ್ತಿರ ನೋಡಿ. ಕೈಯಲ್ಲಿ ಒಂದೆರಡು ಸುತ್ತು ಹೋಗಿಬಿಡುತ್ತದೆ. ಆದರೆ ಇಂಚಿನ ಬೋಲ್ಟಿನ ಯುಎನ್‌ಎಫ್ (ಸಣ್ಣ ಥ್ರೆಡ್ಡಿನ ಜಾತಿ) ಥ್ರೆಡ್ ಇಂಚಿಗೆ 24, ಅಂದರೆ ಒಂದೊಂದಕ್ಕೆ ಸುಮಾರು 1.06 ಮಿಮೀ. ಎಂ8ದ್ದು 1.25. ಮುಂದೆ ಹೋದಂತೆ ಒಂದರ ಮೇಲೊಂದು ಹತ್ತುತ್ತವೆ. ಆಗ ಉದ್ದ ಪಾನಾ ಹಾಕಿ ತಿರುಗಿಸಿದರೆ 'ಆಹಾ, ಚೆನ್ನಾಗಿ ಟೈಟ್ ಆಯ್ತು' ಅನ್ನಿಸುತ್ತದೆ. ಟೈಟ್ ಆಗಿದ್ದಲ್ಲ, ಥ್ರೆಡ್ ಹರಿದದ್ದು. ಇದು ತುಕ್ಕಿನ ಜಾಮ್ ಅಲ್ಲ. ಎಷ್ಟು ಎಣ್ಣೆ ಹಾಕಿದರೂ ಕರಗುವುದಿಲ್ಲ.

ಗಿರಿನಗರ ಗುರು:
1986ರಷ್ಟೊತ್ತಿಗೆ ಎಲ್ಲಾ ಮೆಟ್ರಿಕ್ ಆಗಿತ್ತು ಅಲ್ವಾ? ದೇಶವೇ ಮೆಟ್ರಿಕ್ ಆಗಿ ಎಷ್ಟು ವರ್ಷ ಆಗಿತ್ತು.

ಪದ್ಮಿನಿ ಪ್ರಿಯ:
ದೇಶ ಆಯ್ತು, ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರ ಕಾರ್ಖಾನೆಯ ಅಚ್ಚುಗಳು ಆಗಬೇಕಲ್ಲ. ಜಗಳ ಬೇಡ, ಅಳೆದು ನೋಡಿದರೆ ಆಯ್ತು. ಕೆಳಗಿನ ಹಿಂಜಿನಿಂದ ಬಂದ ಸ್ಕ್ರೂ ಇದೆಯಲ್ಲ, ಅದರ ಥ್ರೆಡ್ಡನ್ನು ಹೊಸ ಎಂ8 ಬೋಲ್ಟಿನ ಥ್ರೆಡ್ಡಿಗೆ ತಾಗಿಸಿ ಬೆಳಕಿಗೆ ಹಿಡಿಯಿರಿ. ಒಂದಕ್ಕೊಂದು ಪೂರ್ತಿ ಕೂತರೆ ನಾನು ಸೋತೆ. ನಾಲ್ಕೈದು ಥ್ರೆಡ್ ಆದಮೇಲೆ ತಪ್ಪಿದರೆ ಇಂಚು.

ಕೋಡಿಕಡಲು:
ಹಿಡಿದು ನೋಡಿದೆ. ಶುರುವಲ್ಲಿ ಕೂತಂತೆ ಕಂಡು, ಆಮೇಲೆ ಪೂರ್ತಿ ತಪ್ಪಿತು. ಬೆಳಕು ಕಾಣುತ್ತದೆ.

ಪದ್ಮಿನಿ ಪ್ರಿಯ:
😄

ದೋಹಾ ಭಟ್ಟ:
ಗುಂಡಗಾದ 13ರ ತಲೆಗೆ ಒಳ್ಳೆ ಉಪಾಯ ಇದೆ. ಅಂಬಿ ಇಟ್ಟವರ ಮನೆಯಲ್ಲಿ ಅರ್ಧ ಇಂಚಿನ ಸಾಕೆಟ್ ಇದ್ದೇ ಇರುತ್ತದೆ. ಅದು 12.7 ಮಿಮೀ. 13ರ ತಲೆ ಸವೆದು ಸಣ್ಣದಾಗಿದೆ ಅಲ್ವಾ, ಅದರ ಮೇಲೆ ಅರ್ಧ ಇಂಚಿನ ಸಾಕೆಟ್ ಇಟ್ಟು ಸುತ್ತಿಗೆಯಲ್ಲಿ ಬಡಿದು ಕೂರಿಸಿ. ಆರು ಮೂಲೆಯ ಸಾಕೆಟ್ ಆಗಿರಬೇಕು, ಹನ್ನೆರಡು ಮೂಲೆಯದ್ದಲ್ಲ. ಹಳೆಯದನ್ನೇ ಉಪಯೋಗಿಸಿ, ಒಡೆದರೂ ಹೊಟ್ಟೆ ಉರಿಯಬಾರದು.

ಮಾತಿನ ಮಧ್ಯೆ ಹೇಳಿಬಿಡುತ್ತೇನೆ, ಇದು ಉಲ್ಟಾ ಕೂಡ ನಡೆಯುತ್ತದೆ. ಇಂಚಿನ ಬೋಲ್ಟಿಗೆ 13ರ ಸ್ಪ್ಯಾನರ್ ಹಾಕಿ ಹಾಕಿಯೇ ನಮ್ಮೂರಿನ ಅರ್ಧ ಅಂಬಾಸಿಡರ್‌ಗಳ ಬೋಲ್ಟ್ ತಲೆ ಗುಂಡಗಾಗಿದ್ದು.

ಹುಬ್ಬಳ್ಳಿ ಹೈವೇ:
ಅದೂ ಬರದಿದ್ದರೆ ಗ್ರೈಂಡರಿನಲ್ಲಿ ತಲೆಯೇ ಹಾರಿಸಿಬಿಡ್ರಿ. ಹಿಂಜ್ ಹೊರಗೆ ಬಂದರೆ ಅದೂ ಒಂದು ತುಂಡು ಆಗಿ ನಿಲ್ಲುತ್ತದೆ. ಹಿಂಜ್ ಹೇಗೂ ಬಿರುಕು ಬಿಟ್ಟದ್ದು, ಅದನ್ನು ಉಳಿಸಿ ಏನು ಮಾಡುವುದಿದೆ? ಕಿಡಿ ಗಾಜಿಗೆ ಹಾರದ ಹಾಗೆ ಒದ್ದೆ ಗೋಣಿಚೀಲ ಮುಚ್ಚಿರಿ. ಗ್ರೈಂಡರಿನ ಕಿಡಿ ಗಾಜಿನಲ್ಲಿ ಕೂತರೆ ಕಪ್ಪು ಚುಕ್ಕೆ ಹೋಗುವುದಿಲ್ಲ.

ಚೆನ್ನೈ ಕನ್ನಡಿಗ:
ಸುಮ್ನೆ ಯಾಕೆ ಇಷ್ಟು ಕಷ್ಟ? 15 ವರ್ಷ ದಾಟಿದ ಗಾಡಿ, ಎಫ್‌ಸಿ ಖರ್ಚು ಬೇರೆ. ಗುಜರಿಗೆ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಳ್ಳಿ.

ಸ್ಪ್ಯಾನರ್ ಶೆಟ್ರು:
ಬಂದರಪ್ಪ.

ಮೈಸೂರು ಮೈನರ್:
ಪ್ರತಿ ಚರ್ಚೆಗೂ ಒಬ್ಬರು ಇದನ್ನು ಹೇಳಲೇಬೇಕಾ?

ಚೆನ್ನೈ ಕನ್ನಡಿಗ:
ಸತ್ಯ ಹೇಳಿದೆ. ಹಳೇ ಕಾರಿನ ಆರ್‌ಸಿ ನವೀಕರಣ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹೋಯ್ತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಮುಂದೆ ಸಾಮಾನು ಎಲ್ಲಿಂದ ತರ್ತೀರಿ?

ದೋಹಾ ಭಟ್ಟ:
ನಿಮ್ಮ ಚೆನ್ನೈನಿಂದಲೇ! ಪುದುಪೇಟೆಯಲ್ಲಿ ಸಿಗದ ಸಾಮಾನು ಯಾವುದಿದೆ?

ಗಿರಿನಗರ ಗುರು:
ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಈ ತಾಪತ್ರಯ ಇಲ್ಲವಂತೆ. ಹೊಸ ರೂಲ್ ಬಂದಿದೆಯಲ್ಲ?

ಮೈಸೂರು ಮೈನರ್:
ಅದು 2021ರ ನಿಯಮ. ಗಾಡಿಗೆ 50 ವರ್ಷ ದಾಟಿರಬೇಕು. ಇವರದ್ದು 1986. ಇನ್ನೂ ಕಾಯಬೇಕು. ಹಾಗೆ ಮಾಡಿಸಿದರೂ ದಿನಾ ಪೇಟೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ಮಾತ್ರ ಹೊರಗೆ ತರಬಹುದು. ಇವರ ಅಪ್ಪ ಅದರಲ್ಲಿ ಮೀನು ತರಲು ಹೋಗುವವರಿರಬೇಕು.

ಕೋಡಿಕಡಲು:
ಮೀನು, ಅಕ್ಕಿ ಮೂಟೆ, ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ. ಮಾರುವ ಮಾತು ಮನೆಯಲ್ಲಿ ಎತ್ತುವ ಹಾಗೇ ಇಲ್ಲ. ದಯವಿಟ್ಟು ಹಿಂಜಿಗೆ ಬನ್ನಿ.

ದೋಹಾ ಭಟ್ಟ:
ಬಂದೆ. ತುಂಡಿನ ವಿಷಯ. ಇಲ್ಲಿ ನಮ್ಮ ವರ್ಕ್‌ಶಾಪಿನಲ್ಲಿ ಮುರಿದ ಬೋಲ್ಟಿಗೆ ಮೊದಲ ಮದ್ದು ಮಿಗ್ ವೆಲ್ಡಿಂಗ್, ಅಂದರೆ ರಾಡಿನ ಬದಲು ತಂತಿ ತಾನಾಗಿ ಬರುವ ವೆಲ್ಡಿಂಗ್. ತುಂಡು ಹೊರಗೆ ನಿಂತರೆ ಅದರ ಮೇಲೆ ಒಂದು ವಾಶರ್ ಇಡಬೇಕು. ವಾಶರಿನ ತೂತಿನ ಮೂಲಕ ತುಂಡಿಗೆ ವೆಲ್ಡ್ ತುಂಬಬೇಕು. ಆ ವಾಶರಿಗೆ ಒಂದು ನಟ್ ವೆಲ್ಡ್ ಮಾಡಬೇಕು. ವಾಶರ್ ಇರುವುದು ವೆಲ್ಡ್ ಹರಿದು ಪಿಲ್ಲರ್ ತಗಡಿಗೆ ಅಂಟದಿರಲಿ ಅಂತ. ತಣಿಯಲು ಬಿಟ್ಟು, ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಬೇಕು.

ಇದರಲ್ಲಿ ಹಿಡಿ ಸಿಗುವುದಷ್ಟೇ ಲಾಭವಲ್ಲ. ಬಿಸಿ ನೇರ ಬೋಲ್ಟಿನ ಮೈಗೇ ಹೋಗುತ್ತದೆ. 8 ಮಿಮೀ ಉಕ್ಕು 400 ಡಿಗ್ರಿ ಏರಿದರೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು ದಪ್ಪಗಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ತುಕ್ಕಿನ ಪದರ ಒಡೆಯಲು ಅಷ್ಟು ಸಾಕು. ತಣಿದಾಗ ಬೋಲ್ಟ್ ಕುಗ್ಗಿ ಸಂದಿ ಬಿಡುತ್ತದೆ. ಬೆಚ್ಚಗಿರುವಾಗ ಬುಡಕ್ಕೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ.

ಮಲೆನಾಡ ಜೀಪು:
ಒಂದು ಎಚ್ಚರಿಕೆ, ಇದನ್ನು ಮೊದಲೇ ಹೇಳಬೇಕಿತ್ತು. ನಾನು ಹೇಳಿದ ಅಸಿಟೋನ್ ಮಿಶ್ರಣ ಹಾಕಿದ ಜಾಗಕ್ಕೆ ವೆಲ್ಡಿಂಗ್, ಗ್ರೈಂಡರ್ ಕಿಡಿ ತರಬೇಡಿ. ಅಸಿಟೋನ್ ಆವಿ ಭಗ್ ಅಂತ ಹಿಡಿಯುತ್ತದೆ. ಪಿಲ್ಲರ್ ಒಳಗೆ ಆವಿ ನಿಂತಿರುತ್ತದೆ. ಬಿಸಿ ಮಾಡುವ ಯೋಚನೆ ಇದ್ದರೆ ಅದನ್ನು ಬಿಟ್ಟು ಬೇರೆ ಎಣ್ಣೆ ಹಾಕಿ, ಅದನ್ನೂ ಒರೆಸಿ.

ಟರ್ನರ್ ಮಾವ:
ಬ್ಯಾಟರಿ ಬಿಚ್ಚಿ. ಅರ್ತ್ ಕ್ಲಾಂಪ್ ತುಂಡಿನ ಹತ್ತಿರವೇ, ಬಣ್ಣ ಕೆರೆದ ತಗಡಿಗೆ ಹಾಕಿಸಿ. ಕಾಲಿನ ಹತ್ತಿರದ ಮ್ಯಾಟ್, ರಟ್ಟು, ಬಾಗಿಲಿನ ರಬ್ಬರ್ ಎಲ್ಲಾ ತೆಗೆದಿಡಿ. ಹಳೇ ಗಾಡಿಯ ನೆಲಕ್ಕೆ ಬಳಿದ ಡಾಂಬರು ಒಳಗೊಳಗೇ ಹೊಗೆಯಾಡುತ್ತದೆ, ಕಾಣುವುದಿಲ್ಲ. ಒಬ್ಬರು ನೀರಿನ ಬಕೆಟ್ ಇಟ್ಟುಕೊಂಡು ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಲಿ.

ಗಿರಿನಗರ ಗುರು:
ಈಸಿ ಔಟ್ ಅಂತ ಸಿಗುತ್ತಲ್ಲ, ಎಡಗಡೆ ಸುರುಳಿ ಇರೋದು. ಡ್ರಿಲ್ ಮಾಡಿ ಅದನ್ನು ತಿರುಗಿಸಿದರೆ ಬರುತ್ತೆ. ವೆಲ್ಡಿಂಗ್ ಎಲ್ಲಾ ಯಾಕೆ?

ಟರ್ನರ್ ಮಾವ:
ಇಡೀ ಬೋಲ್ಟನ್ನು ಸ್ಪ್ಯಾನರ್ ತಿರುಗಿಸಲಾಗದೆ ಮುರಿದಿದೆ. ಅದರೊಳಗೆ ತೂರಿಸಿದ ಕಡ್ಡಿಯಷ್ಟು ಸಪೂರದ್ದು ತಿರುಗಿಸುತ್ತದಾ? ತೆಳ್ಳಗೆ, ಗಟ್ಟಿಯಾಗಿ ಇರುವುದರಿಂದ ಅದೇ ಒಳಗೆ ಮುರಿಯುತ್ತದೆ. ಅದು ಹದ ಕೊಟ್ಟ ಉಕ್ಕು. ಮಾಮೂಲಿ ಎಚ್‌ಎಸ್‌ಎಸ್ ಡ್ರಿಲ್ ಅದರ ಮೇಲೆ ಜಾರುತ್ತದೆ. ಆಮೇಲೆ ಕಾರ್ಬೈಡ್ ಬಿಟ್ ಹುಡುಕಿಕೊಂಡು ಅಲೆಯಬೇಕು. ಅದೂ ಅಲ್ಲದೆ ಮೊನಚು ತುದಿ ಒಳಗೆ ಹೋದಷ್ಟೂ ಬೋಲ್ಟನ್ನು ಅಗಲಿಸಿ ಇನ್ನೂ ಬಿಗಿ ಮಾಡುತ್ತದೆ. ಅತಿಯಾಗಿ ಬಿಗಿದು ಮುರಿದದ್ದಕ್ಕೆ ಅದು ಸರಿ, ಕೆಲವೊಮ್ಮೆ ಬೆರಳಲ್ಲೇ ಬರುತ್ತದೆ. ತುಕ್ಕು ಕಚ್ಚಿದ್ದಕ್ಕೆ ಅದನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ.

ಹುಬ್ಬಳ್ಳಿ ಹೈವೇ:
ಮಾವನ ಮಾತಿಗೆ ನನ್ನದೊಂದು ಸಹಿ.

ಗಿರಿನಗರ ಗುರು:
ನನ್ನ ಬೈಕಿನ ಸೈಲೆನ್ಸರ್ ಬೋಲ್ಟ್ ಈಸಿ ಔಟ್‌ನಲ್ಲೇ ಬಂದಿದ್ದು. ಎಲ್ಲದಕ್ಕೂ ಇಲ್ಲ ಅನ್ನಬೇಡಿ.

ಟರ್ನರ್ ಮಾವ:
ಬಂದದ್ದು ನಿಮ್ಮ ಅದೃಷ್ಟ. ಇಲ್ಲಿ ಅದೃಷ್ಟದ ಮೇಲೆ ಪಿಲ್ಲರ್ ಇಡಬೇಡಿ ಅಂತ ಹೇಳಿದೆ ಅಷ್ಟೇ.

ಸ್ಪ್ಯಾನರ್ ಶೆಟ್ರು:
ಡ್ರಿಲ್ ಮಾಡಲೇಬೇಕಾಗಿ ಬಂದರೆ? ವೆಲ್ಡಿಂಗ್ ಹಿಡಿಯದೇ ಹೋದರೆ?

ಟರ್ನರ್ ಮಾವ:
ಆಗ ಡ್ರಿಲ್. ತುಂಡಿನ ಮುಖವನ್ನು ಅರದಿಂದ ಉಜ್ಜಿ ಸಪಾಟು ಮಾಡಿ. ಸೆಂಟರ್ ಪಂಚ್ ಸರಿ ನಡುವೆ ಬೀಳಬೇಕು. ಇದಕ್ಕೆ ಎಷ್ಟು ಹೊತ್ತಾದರೂ ಕೊಡಿ, ಇಲ್ಲಿ ತಪ್ಪಿದರೆ ಮುಂದೆಲ್ಲಾ ತಪ್ಪು. ಮೊದಲು 3 ಮಿಮೀ, ಆಮೇಲೆ 5, ಕೊನೆಗೆ 6.8 ಅಥವಾ 6.9. ಅದಕ್ಕಿಂತ ದೊಡ್ಡದು ಹಾಕಿದರೆ ನಟ್‌ನ ಥ್ರೆಡ್ ತಿನ್ನುತ್ತದೆ. ಡ್ರಿಲ್ ನಿಧಾನ ತಿರುಗಲಿ, ಒತ್ತಡ ಜಾಸ್ತಿ ಇರಲಿ, ಎಣ್ಣೆ ಬೀಳುತ್ತಿರಲಿ. ಕಿರ್ ಅಂತ ಕೂಗಿದರೆ ಬಿಟ್ ಸುಡುತ್ತಿದೆ ಅಂತ ಅರ್ಥ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊರೆಯುವಾಗಲೇ ಕಚ್ಚಿಕೊಂಡು ತುಂಡು ಹೊರಗೆ ಸುತ್ತಿ ಬಂದರೂ ಬರಬಹುದು.

ಕೊನೆಯಲ್ಲಿ ಥ್ರೆಡ್ಡಿಗೆ ಅಂಟಿದ ತೆಳು ಸುರುಳಿ ಉಳಿಯುತ್ತದೆ. ಅದನ್ನು ಸೂಜಿ ಮೂತಿಯ ಪ್ಲೈಯರಿನಲ್ಲಿ ಎಳೆದು ತೆಗೆದು, ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಓಡಿಸಿ.

ಮೈಸೂರು ಮೈನರ್:
ಬಾಗಿಲು ಹಿಡಿಯುವವರು ಯಾರಾದರೂ ಇದ್ದಾರಾ? ಅಂಬಾಸಿಡರ್ ಬಾಗಿಲು ಗಾಜು ಸಮೇತ ಒಬ್ಬರ ಕೈಗೆ ಸಿಗುವಂಥದ್ದಲ್ಲ. ಕೆಳಗೆ ಜಾಕ್, ಅದರ ಮೇಲೆ ಹಲಗೆ, ಹಲಗೆಗೆ ಹಳೇ ಕಂಬಳಿ. ಬಾಗಿಲು ಪೂರ್ತಿ ತೆರೆಯದಂತೆ ತಡೆಯುವ ಪಟ್ಟಿ ಮೊದಲು ಬಿಚ್ಚಿ. ಹಿಂಜ್ ತೆಗೆಯುವ ಮೊದಲು ಅದರ ಸುತ್ತ ಮೊಳೆಯಲ್ಲಿ ಗೆರೆ ಎಳೆಯಿರಿ. ಇಲ್ಲದಿದ್ದರೆ ವಾಪಸ್ ಹಾಕುವಾಗ ಬಾಗಿಲಿನ ಸಂದಿ ಮೇಲೊಂದು ತರ, ಕೆಳಗೊಂದು ತರ ಆಗುತ್ತದೆ.

ಕೋಡಿಕಡಲು:
ಎಲ್ಲರಿಗೂ ವರದಿ. ಅರ್ಧ ಗೆದ್ದೆವು.

ಟ್ರಿಮ್ ರಟ್ಟಿನ ಹಿಂದೆ ತೂತು ಸಿಕ್ಕಿತು. ಕೊಳವೆಯಲ್ಲಿ ಹಿಂದಿನಿಂದ ಎಣ್ಣೆ ಬಿಟ್ಟು, ದಿನಾ ಸ್ವಲ್ಪ ತಟ್ಟುತ್ತಾ ಬಂದೆವು. ಸ್ಟಾರ್ ಸ್ಕ್ರೂ ಪೋಜಿಡ್ರೈವ್ ಅಲ್ಲ, ಫಿಲಿಪ್ಸ್. ವಾಲ್ವ್ ಪೇಸ್ಟ್ ಹಚ್ಚಿ, ಮೊದಲು ಬಿಗಿಯುವ ಕಡೆ, ಆಮೇಲೆ ಬಿಚ್ಚುವ ಕಡೆ ಇಂಪ್ಯಾಕ್ಟ್ ಡ್ರೈವರ್ ಹೊಡೆದಾಗ ಕಟ್ ಅಂತ ಸದ್ದು. ನಾನು ಮುರಿಯಿತು ಅಂದುಕೊಂಡೆ. ಬಿಟ್ಟುಕೊಂಡಿತ್ತು.

ಆರು ಮೂಲೆಯದ್ದಕ್ಕೆ ಅರ್ಧ ಇಂಚಿನ ಸಾಕೆಟ್ ಬಡಿದು ಕೂರಿಸಿದೆವು. ಬಂತು, ಆದರೆ ಥ್ರೆಡ್ ಎಲ್ಲಾ ಸುರುಳಿ ಸುರುಳಿಯಾಗಿ ಕಿತ್ತುಕೊಂಡು ಬಂತು. ಪದ್ಮಿನಿ ಪ್ರಿಯ ಹೇಳಿದ್ದೇ ಸರಿ.

ಮಾವ ಹೇಳಿದ ಹಾಗೆ ಹಿಂಜ್ ಜಾರಿ ಕೈಗೆ ಬಂತು. ತುಂಡು ಸಣ್ಣಗೆ ಹೊರಗೆ ನಿಂತಿತ್ತು. ಕಚ್ಚಿ ಹಿಡಿಯುವ ವೈಸ್ ಗ್ರಿಪ್ ಇಕ್ಕಳ ಹಾಕಿದೆ, ಜಾರಿತು. ನಮ್ಮ ರಸ್ತೆಯ ಗ್ರಿಲ್ ಅಂಗಡಿಯವರ ಹತ್ತಿರ ಮಿಗ್ ಇಲ್ಲ, ಆರ್ಕ್ ಮಾತ್ರ. ವಾಶರ್ ಇಟ್ಟು, ಸಪೂರ ರಾಡಿನಲ್ಲಿ ಅವರು ನಟ್ ಕೂರಿಸಿದರು. ಮೊದಲ ನಟ್ ಕಿತ್ತು ಬಂತು. ಮತ್ತೆ ಹಾಕಿಸಿ, ಬೆಚ್ಚಗಿರುವಾಗ ಮೇಣ ತಾಗಿಸಿ, ತಣಿದ ಮೇಲೆ ಆಡಿಸಿದರೆ ಗರಗರ ಅನ್ನುತ್ತಾ ಬಂತು! ತುಂಡು ಬಿಡಿಸುವ ಮೊದಲು ಸ್ಟಾರ್ ಸ್ಕ್ರೂ ತೂತಿಗೆ ಉದ್ದದ ಬೋಲ್ಟ್ ಹಾಕಿಟ್ಟಿದ್ದೆವು. ಒಳ್ಳೆಯದಾಯ್ತು, ಪಟ್ಟಿ ನಿಜವಾಗಿಯೂ ಒಳಗೆ ಆಡುತ್ತಿದೆ.

ಈಗ ಉಳಿದದ್ದು ಹರಿದ ಥ್ರೆಡ್. ಏನು ಮಾಡುವುದು?

ಸ್ಪ್ಯಾನರ್ ಶೆಟ್ರು:
ಭಾರೀ ಲಾಯ್ಕ! ಪಿಲ್ಲರ್ ಕೊಯ್ಯುವೆ ಅಂದವರಿಗೆ ಫೋಟೊ ಕಳಿಸಿ.

ಗಿರಿನಗರ ಗುರು:
ಹೇಗೂ ಎಂ8 ಹೋಗಿ ಬಂದ ದಾರಿ. ಎಂ8 ಟ್ಯಾಪ್ ಹೊಡೆದು ಎಂ8 ಬೋಲ್ಟೇ ಹಾಕಿ.

ಪದ್ಮಿನಿ ಪ್ರಿಯ:
ಬೇಡ. ಆ ತೂತಿನಲ್ಲಿ ಎರಡು ಜಾತಿಯ ಥ್ರೆಡ್ ಒಂದರ ಮೇಲೊಂದು ಬಿದ್ದಿವೆ. ಇನ್ನೊಂದು ಸಲ ಕತ್ತರಿಸಿದರೆ ಲೋಹ ಎಲ್ಲಿ ಉಳಿಯುತ್ತದೆ? ಮೊದಲು 5/16 ಟ್ಯಾಪ್ ಓಡಿಸಿ ನೋಡಿ. ಆಳದಲ್ಲಿ ಒಳ್ಳೆ ಥ್ರೆಡ್ ಉಳಿದಿರಬಹುದು. ಹಿಡಿಯದಿದ್ದರೆ ಹೆಲಿಕಾಯಿಲ್, ಅಂದರೆ ತೂತಿನಲ್ಲಿ ಹೊಸ ಥ್ರೆಡ್ ಆಗಿ ಕೂರಿಸುವ ತಂತಿ ಸುರುಳಿ.

ಟರ್ನರ್ ಮಾವ:
ಪಟ್ಟಿ ಸಡಿಲ ಇದ್ದರೆ, ಆ ಟ್ರಿಮ್ ಹಿಂದಿನ ತೂತಿನಿಂದ ಹೊರಗೆ ಬರುತ್ತದಾ ನೋಡಿ. ಬಂದರೆ ಯಾವ ಲೇತ್ ಅಂಗಡಿಯಲ್ಲೂ ಅಂಥದ್ದೇ ಹೊಸದು ಮಾಡಿಕೊಡುತ್ತಾರೆ. ಹೊಸ ಥ್ರೆಡ್, ತಲೆನೋವೇ ಇಲ್ಲ. ಬರದಿದ್ದರೆ ಹೆಲಿಕಾಯಿಲ್ ಸರಿ.

ಚೆನ್ನೈ ಕನ್ನಡಿಗ:
ಹೊಸ ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್ ಹಾಕಿಬಿಡಿ. ಇನ್ನು ತುಕ್ಕಿನ ಮಾತೇ ಇಲ್ಲ.

ದೋಹಾ ಭಟ್ಟ:
ಸಮುದ್ರದ ಹತ್ತಿರ ಅದನ್ನೇ ಮಾಡಬಾರದು. ಸ್ಟೇನ್‌ಲೆಸ್ ಬೋಲ್ಟ್ ತಾನು ಹೊಳೆಯುತ್ತಾ ಇರುತ್ತದೆ, ಉಪ್ಪುನೀರು ಸೇರಿದಾಗ ಪಕ್ಕದ ಮಾಮೂಲಿ ಕಬ್ಬಿಣವನ್ನು ತಿನ್ನಿಸುತ್ತದೆ. ಸಾಮಾನ್ಯ ಎಸ್‌ಎಸ್‌ಗೆ ಹಿಂಜಿಗೆ ಬೇಕಾದ ಬಲವೂ ಇಲ್ಲ. ಇಂಚಿನದ್ದಾದರೆ ಗ್ರೇಡ್ 5 ಕೇಳಿ, ಬೋಲ್ಟ್ ತಲೆಯ ಮೇಲೆ ಮೂರು ಗೆರೆ ಇರುತ್ತದೆ. ಬಲದಲ್ಲಿ ಅದು ಮೆಟ್ರಿಕ್ಕಿನ 8.8 ಗ್ರೇಡಿಗೆ ಹತ್ತಿರ. ಥ್ರೆಡ್ಡಿಗೆ ತಾಮ್ರದ ಗ್ರೀಸ್ ಹಚ್ಚಿ. ಹಿಂಜ್ ಕೂರುವ ತಗಡಿಗೆ ತುಕ್ಕು ಕೆರೆದು ಪ್ರೈಮರ್ ಹೊಡೆಯಿರಿ.

ಚೆನ್ನೈ ಕನ್ನಡಿಗ:
ಸರಿ, ಸರಿ. ಇಷ್ಟು ಬಯ್ಯಬೇಡಿ.

ಹುಬ್ಬಳ್ಳಿ ಹೈವೇ:
ಬಾಗಿಲಿನ ಕೆಳಗೆ ನೀರು ಹೋಗುವ ತೂತು ಇರುತ್ತದೆ, ಕಸ ತುಂಬಿದ್ದರೆ ಕಡ್ಡಿ ಹಾಕಿ ಬಿಡಿಸ್ರಿ. ನೀರು ನಿಂತ ಬಾಗಿಲು ಎಷ್ಟು ಭಾರ ಆಗುತ್ತದೆ ಗೊತ್ತೇನು? ಪಿನ್ ಸವೆಯಲು ಅದೂ ಒಂದು ಕಾರಣ.

ಕೋಡಿಕಡಲು:
ಪಟ್ಟಿ ಹೊರಗೆ ಬರುವುದಿಲ್ಲ, ತೂತು ಸಣ್ಣದು. ಹಾಗಾಗಿ ಟ್ಯಾಪ್ ಪ್ರಯತ್ನ. ಕುಂದಾಪುರದಲ್ಲಿ ಕೇಳಿದೆ, 5/16 ಅಂದರೆ ಎಂ8 ಕೊಡಲು ಬರುತ್ತಾರೆ. ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ತಮ್ಮ ಶನಿವಾರ ಅಲ್ಲಿಂದ ಬರುತ್ತಾನೆ.

ಗಿರಿನಗರ ಗುರು:
ಟ್ಯಾಪ್‌ಗೆ ಎಸ್‌ಪಿ ರೋಡ್, ಬೋಲ್ಟ್‌ಗೆ ಜೆಸಿ ರೋಡ್. ಎರಡೂ ಹತ್ತಿರ ಹತ್ತಿರ, ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಅಂಗಡಿ ಮುಚ್ಚಿರುತ್ತವೆ.

ಪದ್ಮಿನಿ ಪ್ರಿಯ:
ತಮ್ಮನಿಗೆ ಹೇಳಿ ಕಳಿಸಿ. ಬರೀ 5/16 ಅಂದರೆ ಯುಎನ್‌ಸಿ ಕೊಟ್ಟುಬಿಡುತ್ತಾರೆ. ಅದು ಇಂಚಿಗೆ 18. ಬಿಎಸ್‌ಎಫ್ ಅಂತ ಇನ್ನೊಂದಿದೆ, ಅದು 22. ಟ್ಯಾಪ್ ಮೈಮೇಲೆ 5/16 ಯುಎನ್‌ಎಫ್ 24 ಅಂತ ಕೆತ್ತಿರಬೇಕು. ಕೆಳಗಿನ ಹಿಂಜಿನ ಹಳೇ ಸ್ಕ್ರೂ ಒಂದು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಟ್ಯಾಪಿಗೆ ತಾಗಿಸಿ ನೋಡಿ ತರಲಿ.

ಟರ್ನರ್ ಮಾವ:
ಸೆಟ್ಟಿನಲ್ಲಿ ತುದಿ ಮೊನಚಾಗಿ ಇಳಿಯುವ ಟ್ಯಾಪ್ ಇರುತ್ತದಲ್ಲ, ಅದನ್ನು ಮೊದಲು ಹಾಕಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪಟ್ಟಿ ಒಳಗೆ ತಿರುಗದಂತೆ ಪಕ್ಕದ ತೂತಿನ ಬೋಲ್ಟಿಗೆ ಒಂದು ದಪ್ಪ ವಾಶರ್ ಹಾಕಿ ಪಿಲ್ಲರಿಗೆ ಬಿಗಿದಿಟ್ಟುಕೊಳ್ಳಿ.